ಒಕ್ಕದ ಕತೆ ಯಾರ ಕತೆ?

"ಈಗಿನ ಮಕ್ಕಳಿಗೆ ಹಿರಿಯರ ನೆನಪೇ ಬೇಡವಾಗಿದೆ" ಎಂಬ ದೂರು ಕೊಡಗಿನಲ್ಲಿ ಈಚೆಗೆ ಮುಂಗಾರು ಮಳೆಗಿಂತ ಕ್ರಮವಾಗಿ ಬರುತ್ತದೆ. ಕೈಲ್‌ಪೊಳ್ದಿಗೆ ಒಮ್ಮೆ, ಪುತ್ತರಿಗೆ ಒಮ್ಮೆ, ಒಕ್ಕದ ವಾರ್ಷಿಕ ಸಭೆಯಲ್ಲಿ ಧ್ವನಿವರ್ಧಕದ ಮುಂದೆ ಮತ್ತೊಮ್ಮೆ ಇದನ್ನು ಕೇಳಿ ಕೇಳಿ ನಮಗೆ ಅಭ್ಯಾಸವಾಗಿ ಹೋಗಿದೆ. ದೂರು ಕೊಡುವವರು ಸಾಮಾನ್ಯವಾಗಿ ಅರುವತ್ತು ದಾಟಿದ ಮಹನೀಯರು. ಆರೋಪಿಗಳು ಬೆಂಗಳೂರಿನಿಂದ ರಾತ್ರಿಯ ಬಸ್ಸಿನಲ್ಲಿ ಬಂದು, ಒಂದು ಹೊತ್ತು ಉಂಡು, ಮರುದಿನ ಹಿಂತಿರುಗುವ ಹುಡುಗ ಹುಡುಗಿಯರು. ತೀರ್ಪು ಮೊದಲೇ ಸಿದ್ಧವಾಗಿರುತ್ತದೆ: ಕಾಲ ಕೆಟ್ಟಿತು, ಇಂಗ್ಲಿಷ್ ಶಾಲೆ ಕೆಡಿಸಿತು, ಉಳಿದದ್ದನ್ನು ಕೈಯಲ್ಲಿನ ಫೋನು ಕೆಡಿಸಿತು. ಆರೋಪಿಗಳ ಪರವಾಗಿ ಯಾರೊಬ್ಬರೂ ಎದ್ದು ಮಾತಾಡಿದ್ದನ್ನು ನಾನು ಕಾಣೆ. ಆದುದರಿಂದ ಆ ವಕೀಲಿಯನ್ನು ನಾನೇ ವಹಿಸಿಕೊಳ್ಳುತ್ತೇನೆ. ನನಗೂ ಅರುವತ್ತು ದಾಟಿದೆ. ಸ್ವಾರ್ಥಕ್ಕಾಗಿ ವಾದಿಸುತ್ತಾಳೆಂದು ಯಾರೂ ಹೇಳಲಾರರು.

ನನ್ನ ವಾದ ಇಷ್ಟೆ. ಮಕ್ಕಳ ಕಿವಿ ಚೆನ್ನಾಗಿಯೇ ಇದೆ. ನಾವು ಹೇಳುವ ಕತೆ ಅರ್ಧದ್ದು, ಅದೂ ಸಪ್ಪೆಯ ಅರ್ಧ. ಉಪ್ಪು ಖಾರವಿರುವ ಅರ್ಧವನ್ನು ನಾವೇ ಅಟ್ಟದ ಮೇಲೆ ಬಚ್ಚಿಟ್ಟಿದ್ದೇವೆ. ಬಚ್ಚಿಟ್ಟವರು ನಾವು, ಬೈಸಿಕೊಳ್ಳುವವರು ಅವರು. ಇದು ಯಾವ ನ್ಯಾಯ?

ಕೊಡಗಿನ ಹೊರಗಿನ ವಾಚಕರಿಗಾಗಿ ಎರಡು ಮಾತು. ಒಬ್ಬ ಮೂಲಪುರುಷನಿಂದ ಗಂಡು ಸಂತತಿಯ ಸಾಲಿನಲ್ಲಿ ಇಳಿದುಬಂದ ಕೊಡವರ ಮನೆತನಕ್ಕೆ ಒಕ್ಕವೆಂದು ಹೆಸರು. ಆ ಮೂಲಪುರುಷನೇ ಗುರುಕಾರೋಣ. ಒಕ್ಕಕ್ಕೆ ಒಂದು ಐನ್‌ಮನೆ. ಅದರ ನಡುಮನೆಯಲ್ಲಿ ನೆಲ್ಲಕ್ಕಿಯ ತೂಗುದೀಪ. ಹತ್ತಿರದಲ್ಲೇ ಕಾರೋಣರಿಗೆಂದು ಕಟ್ಟಿದ ಕೈಮಡ. ಹಬ್ಬದ ದಿನ ಮೊದಲ ಎಲೆ ಸತ್ತವರಿಗೆ; ಅದನ್ನು ಮೀದಿ ಇಡುವುದು ಎನ್ನುತ್ತೇವೆ. ಮಾಂಸವನ್ನಾಗಲಿ ಮದ್ಯವನ್ನಾಗಲಿ ಕೊರತೆ ಮಾಡುವುದಿಲ್ಲ. ಸತ್ತವರಿಗಾಗಿ ಮನೆ, ಗುಡಿ, ದೀಪ, ಊಟ ಎಲ್ಲವನ್ನೂ ಹೀಗೆ ಏರ್ಪಡಿಸಿಕೊಂಡಿರುವ ಜನ ಹಿರಿಯರನ್ನು ಮರೆತಿದ್ದಾರೆಂದು ಹೇಳುವುದು ಕಷ್ಟ. ಆದರೆ ಹಿರಿಯರಿಗೆ ಬಡಿಸುವುದು ಬೇರೆ, ಹಿರಿಯರನ್ನು ಬಲ್ಲೆವೆಂಬುದು ಬೇರೆ.

ಮಕ್ಕಳನ್ನು ಕೂರಿಸಿಕೊಂಡು ನಾವು ಹೇಳುವುದಾದರೂ ಏನು? ಮೊದಲು ಮೂಲ. ಕಾವೇರಿ ಪುರಾಣದ ಚಂದ್ರವರ್ಮನಿಂದ ಆರಂಭಿಸಿ ಅರಬರು, ಗ್ರೀಕರು, ಅಲೆಗ್ಸಾಂಡರನ ದಂಡಿನಲ್ಲಿ ಹಿಂದುಳಿದವರು ಎಂದು ಯಾರು ಯಾರನ್ನೋ ನಮಗೆ ಅಜ್ಜಂದಿರನ್ನಾಗಿ ಮಾಡಿಕೊಳ್ಳುತ್ತೇವೆ. ಎರಡು ಸಾವಿರ ವರ್ಷಗಳ ಹಿಂದಿನ ಅಜ್ಜ ಯಾವ ದೇಶದವನೆಂದು ಖಚಿತವಾಗಿ ಹೇಳುವವರಿಗೆ ತಮ್ಮ ಮುತ್ತಜ್ಜಿಯ ಹೆಸರು ಗೊತ್ತಿರುವುದಿಲ್ಲ. ಆಮೇಲೆ ವೀರರು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು, ಜನರಲ್ ತಿಮ್ಮಯ್ಯನವರು ನಮ್ಮ ನಾಡಿನವರೆಂಬುದು ಹೆಮ್ಮೆಯ ಮಾತೇ. ತಿಮ್ಮಯ್ಯನವರು ಬೆಳೆದ ಮಡಿಕೇರಿಯ ಮನೆ 2021ರಲ್ಲಿ ವಸ್ತುಸಂಗ್ರಹಾಲಯವಾದಾಗ ನಾನೂ ಸಂತೋಷಪಟ್ಟೆ. ಆದರೆ ಪ್ರತಿಯೊಂದು ಒಕ್ಕದ ಚರಿತ್ರೆಯೂ ಆ ಇಬ್ಬರ ನೆಂಟಸ್ತಿಕೆಯನ್ನು ಹುಡುಕುವುದರಲ್ಲಿ ಮುಗಿದರೆ ಹೇಗೆ? ಕೊನೆಗೆ ಹಾಕಿ. 1997ರಲ್ಲಿ ಕರಡದಲ್ಲಿ 60 ಒಕ್ಕಗಳಿಂದ ಆರಂಭವಾದ ಪಂದ್ಯಾಟ 2024ರಲ್ಲಿ ನಾಪೋಕ್ಲುವಿನಲ್ಲಿ 360ಕ್ಕೆ ಏರಿತು. ಅದರ ಬಗ್ಗೆ ನನಗೆ ತಕರಾರಿಲ್ಲ. ಬೆನ್ನ ಮೇಲೆ ಒಕ್ಕದ ಹೆಸರು ಹೊತ್ತು ಓಡಿದ ಹುಡುಗನಿಗೆ ಆ ಹೆಸರು ಮರೆಯುವುದಿಲ್ಲ. ಆ ಹೆಸರಿನ ಒಳಗೆ ಏನಿದೆ ಎಂದು ಅವನು ಕೇಳಿದಾಗಲೇ ನಮ್ಮ ತೊಂದರೆ ಆರಂಭವಾಗುವುದು.

ಈಗ ಒಕ್ಕದ ಪುಸ್ತಕಗಳ ಕಾಲ. ನಾನು ಹುಟ್ಟಿದ ಒಕ್ಕದವರೂ ಕೆಲವು ವರ್ಷಗಳ ಹಿಂದೆ ನುಣುಪು ಕಾಗದದ ಮೇಲೆ ಒಂದನ್ನು ಅಚ್ಚು ಹಾಕಿಸಿದರು. ನಡುವೆ ನಾಲ್ಕು ಮಡಿಕೆಯ ವಂಶವೃಕ್ಷ. ಅದರ ಪ್ರಕಾರ ನಮ್ಮ ತಂದೆಗೆ ಇಬ್ಬರು ಮಕ್ಕಳು. ನಿಜಕ್ಕೂ ನಾವು ಐವರು. ಮೂವರು ಹೆಣ್ಣುಮಕ್ಕಳಾದುದರಿಂದ ಕೊಂಬೆಗೆ ಏರಲಿಲ್ಲ. ನಾನು ಮದುವೆಯಾಗಿ ಬಂದ ಒಕ್ಕದ ಪುಸ್ತಕದಲ್ಲಿ ಗಂಡನ ಹೆಸರಿನ ಕೆಳಗೆ, ಕಂಸದೊಳಗೆ, ಸಣ್ಣ ಅಕ್ಷರದಲ್ಲಿ ನನ್ನ ಹೆಸರಿದೆ. ಯಾವ ಒಕ್ಕದಿಂದ ಬಂದವಳೆಂಬುದಿಲ್ಲ. ಒಂದು ಕಡೆ ಹುಟ್ಟಲೇ ಇಲ್ಲ, ಇನ್ನೊಂದು ಕಡೆ ಎಲ್ಲಿಂದಲೋ ಉದುರಿದೆ. ನಾನು ಕಂಡ ಇಂಥ ಹತ್ತಾರು ಪುಸ್ತಕಗಳಲ್ಲಿ ಹೆಣ್ಣುಮಕ್ಕಳನ್ನು ಸರಿಯಾಗಿ ಬರೆದವು ಎರಡೋ ಮೂರೋ. ಅವನ್ನು ಮಾಡಿದವರಿಗೆ ನನ್ನ ನಮಸ್ಕಾರ.

ಇದು ಸಂಪ್ರದಾಯವೆಂದು ಹೇಳುತ್ತಾರೆ. ಯಾವ ಸಂಪ್ರದಾಯ? ಗಂಡು ಸಂತಾನವಿಲ್ಲದೆ ಒಕ್ಕದ ದೀಪ ಆರುವ ಹೊತ್ತು ಬಂದಾಗ ನಮ್ಮ ಹಿರಿಯರು ಮಾಡಿದ ಉಪಾಯ ಒಕ್ಕ ಪರಿಜೆ, ಮಕ್ಕ ಪರಿಜೆಗಳೆಂಬ ಮದುವೆಗಳು. ಮಗಳ ಮಕ್ಕಳು ತಾಯಿಯ ಒಕ್ಕಕ್ಕೇ ಸೇರುತ್ತಿದ್ದರು; ಅವರಿಂದ ಹೆಸರು ಮುಂದುವರಿಯುತ್ತಿತ್ತು. ಹಾಗೆಂದರೆ ಇಂದು ಮೀಸೆ ತಿರುವುತ್ತ ಗುರುಕಾರೋಣನಿಂದ ನೇರ ಗಂಡು ಸಾಲಿನಲ್ಲಿ ಬಂದೆವೆಂದು ಹೇಳುವ ಒಕ್ಕಗಳಲ್ಲಿ ಕೆಲವಾದರೂ ನಡುವೆ ಒಬ್ಬ ಹೆಂಗಸಿನ ಸೆರಗು ಹಿಡಿದು ದಾಟಿ ಬಂದವು. ವೃಕ್ಷದಲ್ಲಿ ಆ ಹೆಂಗಸಿನ ಜಾಗದಲ್ಲಿ ಏನಿರುತ್ತದೆ? ಒಂದು ಗೆರೆ. ಗೆರೆಯಿಂದ ಮಕ್ಕಳು ಹುಟ್ಟಿದ್ದಾರೆ. ವಿಧವೆಗೆ ಮರುಮದುವೆಯ ಅವಕಾಶವಿದ್ದ ಸಮಾಜ ನಮ್ಮದು. ದೇಶದ ಸುಧಾರಕರು ಅದಕ್ಕಾಗಿ ಗಂಟಲು ಹರಿದುಕೊಳ್ಳುವುದಕ್ಕೆ ಮೊದಲೇ ಇಲ್ಲಿ ಅದು ನಡೆಯುತ್ತಿತ್ತು. ಹೊರಗಿನವರ ಮುಂದೆ ಇದನ್ನು ಜಂಬದಿಂದ ಹೇಳುತ್ತೇವೆ. ಆದರೆ ನಮ್ಮ ಮನೆಯಲ್ಲಿ ಹಾಗೆ ಎರಡನೆಯ ಮದುವೆಯಾದ ಅಜ್ಜಿ ಯಾರು ಎಂದು ಮೊಮ್ಮಗಳು ಕೇಳಿದರೆ ಮಾತು ಬೇರೆಡೆಗೆ ಹೊರಳುತ್ತದೆ.

ಮದುವೆಯ ದಿನ ಸಮ್ಮಂದ ಕೊಡುವ ಶಾಸ್ತ್ರವನ್ನು ನೋಡಿ. ವರನ ಕಡೆಯ ಅರುವನೂ ವಧುವಿನ ಕಡೆಯ ಅರುವನೂ ಎದುರುಬದುರು ನಿಂತು, ಪ್ರಶ್ನೆ ಉತ್ತರ ಹೇಳಿ, ಕಲ್ಲಿನ ಹರಳುಗಳನ್ನು ಕೈಯಿಂದ ಕೈಗೆ ದಾಟಿಸಿ, ಹೆಣ್ಣಿಗೆ ಹೊಸ ಮನೆಯಲ್ಲಿ ಏನೇನು ಹಕ್ಕು ಎಂಬುದನ್ನು ಊರ ಮುಂದೆ ಗೊತ್ತುಮಾಡುತ್ತಾರೆ. ಹಕ್ಕು ಕೊಡುವಾಗ ಊರೆಲ್ಲ ಸಾಕ್ಷಿ. ಹೆಸರು ಬರೆಯುವಾಗ ಕಂಸ! ಹಿರಿಯರು ಹೆಂಗಸನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರು. ತೆಗೆದುಹಾಕಿದವರು ನಾವು, ಅಚ್ಚುಕೂಟ ಬಂದ ಮೇಲಿನವರು. ಅದಕ್ಕೆ ಕಾರಣವೂ ನಿಗೂಢವಲ್ಲ. ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ಬಂದ ತಿದ್ದುಪಡಿ ಕೂಡುಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹುಟ್ಟುಹಕ್ಕು ಕೊಟ್ಟಿತು. ತಾಲ್ಲೂಕು ಕಚೇರಿಯಲ್ಲಿ ವಂಶವೃಕ್ಷ ಕೇಳುತ್ತಾರೆ. ನುಣುಪು ಕಾಗದದ ವೃಕ್ಷಕ್ಕೂ ಕಚೇರಿಯ ವೃಕ್ಷಕ್ಕೂ ಸಂಬಂಧವಿಲ್ಲವೆಂದು ನಂಬುವಷ್ಟು ಎಳಸಲ್ಲ ನಾನು.

ಇನ್ನು ಪದಕಗಳ ವಿಚಾರ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕಂಪನಿ ಸರಕಾರ ಕೊಡಗನ್ನು ನುಂಗಿತು. ಮೂರು ವರ್ಷದಲ್ಲಿ, 1837ರಲ್ಲಿ, ಸುಳ್ಯ ಪುತ್ತೂರುಗಳ ಕಡೆಯಿಂದ ದಂಗೆ ಎದ್ದಿತು. ದಂಗೆಕೋರರನ್ನು ಅಡಗಿಸಲು ನೆರವಾದ ಕೊಡವರಿಗೆ ಇಂಗ್ಲಿಷರು ಚಿನ್ನದ, ಬೆಳ್ಳಿಯ ಪದಕಗಳನ್ನು ಕೊಟ್ಟರು. ದಂಗೆಯ ಮುಂದಾಳುಗಳಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು. ಒಂದು ಮನೆಯ ಪದಕ, ಇನ್ನೊಂದು ಮನೆಯ ನೇಣು. ಎರಡೂ ಒಂದೇ ವರ್ಷದ, ಒಂದೇ ನಾಡಿನ ಬೆಳೆ. ಪದಕವಿರುವ ಮನೆಯಲ್ಲಿ ಅದನ್ನು ಮಕ್ಕಳಿಗೆ ತೋರಿಸುವಾಗ "ರಾಜನಿಷ್ಠೆಗಾಗಿ ಬಂದದ್ದು" ಎನ್ನುತ್ತಾರೆ. ಯಾವ ರಾಜನಿಗೆ? ತಮ್ಮ ರಾಜ ಅಷ್ಟು ಹೊತ್ತಿಗೆ ಗಡಿಪಾರಾಗಿದ್ದ. ಕಾರೋಣ ಯಾಕೆ ಆ ಪಕ್ಷ ಹಿಡಿದ? ರಾಜನ ಕ್ರೌರ್ಯಕ್ಕೆ ಬೇಸತ್ತಿದ್ದನೆ, ಜಮ್ಮ ಭೂಮಿ ಉಳಿದರೆ ಸಾಕೆಂದಿದ್ದನೆ, ಹೊಸ ಧಣಿಗಳ ಬಲ ಅಳೆದು ನೋಡಿದ್ದನೆ? ಇಪ್ಪತ್ತು ವರ್ಷದ ಹುಡುಗನನ್ನು ರಾತ್ರಿಯೆಲ್ಲ ಎಚ್ಚರವಾಗಿಡಬಲ್ಲ ಪ್ರಶ್ನೆಗಳಿವು. ನಾವು ಪದಕವನ್ನು ಒರೆಸಿ ಪೆಟ್ಟಿಗೆಗೆ ಹಾಕುತ್ತೇವೆ.

ಟಿಪ್ಪುವಿನ ಕಾಲದಲ್ಲಿ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದವರ ಕತೆಯನ್ನಂತೂ ಯಾರೂ ಮರೆತಿಲ್ಲ, ಮರೆಯಲೂ ಬಾರದು. ಆದರೆ ವಿರಾಜಪೇಟೆಯ ಕಡೆ ಕೊಡವ ಒಕ್ಕದ ಹೆಸರನ್ನೇ ಇಟ್ಟುಕೊಂಡು, ಕೊಡವ ತಕ್ಕನ್ನೇ ಆಡುವ ಮುಸಲ್ಮಾನ ಮನೆತನಗಳಿವೆ. ಅವರಲ್ಲಿ ಕೆಲವರು ಆ ಸೆರೆಯಲ್ಲಿ ಮತ ಬದಲಾದವರ ಸಂತತಿಯೆಂದು ಹೇಳುವ ವಾಡಿಕೆಯಿದೆ. ಸೆರೆ ಹೋದವನಿಗಾಗಿ ಕಣ್ಣೀರು, ಸೆರೆಯಿಂದ ಬಂದವನ ಮೊಮ್ಮಗನಿಗೆ ವೃಕ್ಷದಲ್ಲಿ ಜಾಗವಿಲ್ಲ. ಇದು ಎಂಥ ದುಃಖವೆಂದು ನನಗೆ ಅರ್ಥವಾಗಿಲ್ಲ.

ಇಷ್ಟನ್ನು ಹೇಳಿದ್ದಕ್ಕೇ ಕೆಲವರಿಗೆ ಮುಖ ಕೆಂಪೇರಿರಬಹುದು. ಆದರೆ ನಾವು ಎಲ್ಲಕ್ಕಿಂತ ಜೋಪಾನವಾಗಿ ಮುಚ್ಚಿಟ್ಟಿರುವ ಮಾತು ಇನ್ನೂ ಬಂದಿಲ್ಲ.

ಜಮ್ಮ ಎಂದರೆ ಹುಟ್ಟಿನಿಂದ ಬಂದ ಹಕ್ಕಿನ ಭೂಮಿ. ಒಕ್ಕಕ್ಕೆ ಸೇರಿದ್ದು, ಕಡಮೆ ಕಂದಾಯದ್ದು. ಬದಲಿಗೆ ಅರಸು ಕರೆದಾಗ ಕತ್ತಿ ಕೋವಿ ಹಿಡಿದು ಹೋಗಬೇಕು. ಕಾರೋಣ ಹಾಗೆ ಹೋದ ಎಂಬುದನ್ನು ಸಾವಿರ ಸಲ ಕೇಳಿದ್ದೇವೆ. ಅವನು ಹೋದಾಗ ಗದ್ದೆ ಉತ್ತವರು ಯಾರು? ಆಷಾಢದ ಮಳೆಯಲ್ಲಿ ಗೊರಗ ಹೊದ್ದು ನಾಟಿ ನೆಟ್ಟವರು ಯಾರು? ಹಳೆಯ ಬರಹಗಳಲ್ಲಿ ಅವರಿಗೆ ಹೆಸರಿಲ್ಲ, ವರ್ಗವಿದೆ: ಭೂಮಿ ಜಮ್ಮದ ಆಳು, ಒಕ್ಕಲು ಜಮ್ಮದ ಆಳು. ಭೂಮಿ ನಮಗೆ ಜಮ್ಮವಾದಂತೆ ಮನುಷ್ಯರೂ ಜಮ್ಮವಾಗಿದ್ದರು. ಇಂದಿನ ಕೆಂಬಟ್ಟಿಯವರ, ಎರವರ ಮುತ್ತಜ್ಜಂದಿರು ಹಾಗೆ ಬಾಳಿದವರು. ಕಂಪನಿಯ ಆಳ್ವಿಕೆಯಲ್ಲಿ 1843ರ ಕಾಯಿದೆ ಗುಲಾಮಗಿರಿಗೆ ಕಾನೂನಿನ ಮಾನ್ಯತೆಯನ್ನು ತೆಗೆಯಿತು. ಜೀತವನ್ನು ರದ್ದು ಮಾಡುವ ಕಾಯಿದೆಯನ್ನು ಸ್ವತಂತ್ರ ಭಾರತ ಮತ್ತೆ 1976ರಲ್ಲಿ ಮಾಡಬೇಕಾಯಿತು. ನಡುವೆ 133 ವರ್ಷ. ಆ 133 ವರ್ಷಗಳೂ ನಮ್ಮ ಒಕ್ಕಗಳ ಚರಿತ್ರೆಯ ಒಳಗೇ ನಡೆದವು. ಪುಸ್ತಕದಲ್ಲಿ ಮಾತ್ರ ಒಂದು ಸಾಲಿಲ್ಲ.

ಅಮೆರಿಕದ ನೀಗ್ರೋ ಜನ ತಮ್ಮ ಪೂರ್ವಿಕರನ್ನು ಹುಡುಕುತ್ತ ಹೋದಾಗ 1870ರ ಜನಗಣತಿಯ ಬಳಿ ಗೋಡೆಗೆ ಹಣೆ ಬಡಿದಂತಾಗುತ್ತದಂತೆ. ಅದಕ್ಕಿಂತ ಹಿಂದೆ, 1850 ಮತ್ತು 1860ರ ಪಟ್ಟಿಗಳಲ್ಲಿ, ಗುಲಾಮರಿಗೆ ವಯಸ್ಸುಂಟು, ಗಂಡೋ ಹೆಣ್ಣೋ ಎಂಬುದುಂಟು, ಒಡೆಯನ ಹೆಸರುಂಟು. ಅವರದೇ ಹೆಸರು ಮಾತ್ರ ಇಲ್ಲ. ನಾವು ಆ ಪಟ್ಟಿಯನ್ನೂ ಇಟ್ಟವರಲ್ಲ. ಎಷ್ಟು ಭಟ್ಟಿ ಗದ್ದೆ ಎಂಬ ಲೆಕ್ಕ ನಮ್ಮಲ್ಲಿ ಬಾಯಿಪಾಠವಾಗಿ ಉಳಿದಿದೆ.

ಜಮ್ಮ ಎಂಬ ಆ ಮಾತೇ ಕಾಡಿನಂಚಿನಿಂದ ಈಗ ನಮ್ಮನ್ನು ಕೇಳುತ್ತಿದೆ. ನಾಗರಹೊಳೆಯ ಜೇನುಕುರುಬರು ಕಟ್ಟಿಕೊಂಡ ಸಂಘದ ಹೆಸರು ಜಮ್ಮಪಾಲೆ ಹಕ್ಕು ಸ್ಥಾಪನಾ ಸಮಿತಿ. ತಮ್ಮನ್ನು ದಶಕಗಳ ಹಿಂದೆ ಹೊರಹಾಕಿದರೆಂದು ಹೇಳುವ 52 ಕುಟುಂಬಗಳು 2025ರ ಮೇ ತಿಂಗಳಲ್ಲಿ ಕರಡಿಕಲ್ಲು ಅತ್ತೂರು ಕೊಲ್ಲಿಯ ತಮ್ಮ ಹಳೆಯ ಹಾಡಿಗೆ ಹಿಂತಿರುಗಿ ಗುಡಿಸಲು ಹಾಕಿದವು. 2006ರ ಅರಣ್ಯ ಹಕ್ಕು ಕಾಯಿದೆಯ ನಿಯಮಗಳಲ್ಲಿ ಸಾಕ್ಷ್ಯವಾಗಿ ಯಾವುದನ್ನು ಒಪ್ಪಬಹುದೆಂದು ಬರೆದಿದೆ: ಹಳೆಯ ಬಾವಿ, ಹೂಳಿದ ಜಾಗ, ದೇವರ ನೆಲೆ, ವಂಶಾವಳಿ, ಮತ್ತು ಹಿರಿಯರು ಹೇಳಿ ಬರೆಸಿದ ಮಾತು. ವಾಚಕರು ಇದನ್ನು ಇನ್ನೊಮ್ಮೆ ಓದಬೇಕೆಂದು ಕೋರುತ್ತೇನೆ. ಅಜ್ಜನನ್ನು ಎಲ್ಲಿ ಹೂಳಿದರೆಂಬ ನೆನಪು ನಮಗೆ ಭಾಷಣದ ವಸ್ತು. ಅವರಿಗೆ ಅದು ದಸ್ತಾವೇಜು. ಆ ನೆನಪನ್ನು ಮೊಮ್ಮಗನಿಗೆ ಹೇಳದೆ ಸತ್ತ ಅಜ್ಜ ತನ್ನೊಡನೆ ಎಕರೆಗಟ್ಟಲೆ ಭೂಮಿಯನ್ನು ಒಯ್ದಂತೆ. ಇಂಥ ನೆರೆಹೊರೆಯಲ್ಲಿ ಕುಳಿತು, ಯಾರ ಬೆವರಿನಿಂದ ಐನ್‌ಮನೆಯ ಕಣಜ ತುಂಬಿತೋ ಅವರ ಒಂದು ಹೆಸರನ್ನೂ ಉಚ್ಚರಿಸದೆ ನಮ್ಮ ಮಕ್ಕಳಿಗೆ ಚರಿತ್ರೆ ಹೇಳುತ್ತೇವೆ!

"ಮನೆಯ ಹುಳುಕನ್ನು ಮಕ್ಕಳ ಮುಂದೆ ಆಡಬಾರದು, ಗೌರವ ಹೋಗುತ್ತದೆ" ಎಂಬುದು ಇದಕ್ಕೆ ಬರುವ ಉತ್ತರ. ಸಜ್ಜನರೇ ಹೇಳುತ್ತಾರೆ, ಆದುದರಿಂದ ಹಗುರಾಗಿ ತಳ್ಳಲಾರೆ. ಆದರೆ ನಮ್ಮ ಕಾರೋಣ ತೆರೆಯನ್ನೇ ನೆನೆಯಿರಿ. ರಾತ್ರಿ ದೊಂದಿಯ ಬೆಳಕಿನಲ್ಲಿ ಸತ್ತ ಹಿರಿಯ ಮೈಮೇಲೆ ಬರುತ್ತಾನೆ; ಮನೆಯವರು ಕೇಳಿದ್ದಕ್ಕೆ ಜವಾಬು ಕೊಡುತ್ತಾನೆ; ಅಣ್ಣತಮ್ಮಂದಿರ ಜಗಳವಾಗಲಿ, ತಪ್ಪಿದ ಹರಕೆಯಾಗಲಿ, ಅಲ್ಲಿ ಮುಚ್ಚುಮರೆಯಿಲ್ಲ. ಆ ಹಿರಿಯ ಮಾತಾಡುವುದಾದರೂ ಯಾರ ಬಾಯಿಂದ? ತೆರೆ ಕಟ್ಟುವವನು ಒಕ್ಕದವನಲ್ಲ. ಬಣ್ಣನೋ ಪಣಿಕನೋ ಮಲೆಯನೋ ಆಗಿರುತ್ತಾನೆ. ನಮ್ಮ ಕುಲದ ಹಿರಿಯನ ದನಿ ಬೇರೆ ಕುಲದವನ ಗಂಟಲಿನಲ್ಲಿ ಬರುವುದನ್ನು ನಮ್ಮ ಪೂರ್ವಿಕರು ಕೈಮುಗಿದು ಕೇಳಿದರು. ಗೌರವ ಹೋಗಲಿಲ್ಲ. ಈಗ ಅದೇ ಜನ ತಮ್ಮ ಅಜ್ಜ ಕಂಡಂತೆ ನಮ್ಮ ಅಜ್ಜನ ಕತೆಯನ್ನು ಹೇಳಿದರೆ ಹೋಗಿಬಿಡುತ್ತದೆಯೆ?

ನಡಿಕೇರಿಯಂಡ ಚಿಣ್ಣಪ್ಪನವರು ಪೊಲೀಸ್ ಇಲಾಖೆಯ ಕೆಲಸದ ನಡುವೆ ಊರೂರು ತಿರುಗಿ, ಹಾಡುವವರ ಎದುರು ಕುಳಿತು ಕೂಡಿಸಿದ 'ಪಟ್ಟೋಲೆ ಪಳಮೆ' 1924ರಲ್ಲಿ ಅಚ್ಚಾಯಿತು. ಮದುವೆಯ ಹಾಡು, ಸಾವಿನ ಹಾಡು, ನಡೆನುಡಿ ಎಲ್ಲ ಅದರಲ್ಲಿದೆ. ಅವರ ಮೊಮ್ಮಕ್ಕಳಾದ ಬೋವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿಗಳು ಅದನ್ನು ಇಂಗ್ಲಿಷಿಗೆ ತಂದರು; ಐನ್‌ಮನೆಗಳನ್ನು ಒಂದೊಂದಾಗಿ ಹುಡುಕಿ ಹೋಗಿ ದಾಖಲೆ ಮಾಡಿದರು. ಒಂದೇ ಮನೆಯ ಮೂರನೆಯ ತಲೆಮಾರು ಅಜ್ಜನ ಕೆಲಸವನ್ನು ಎತ್ತಿಕೊಂಡದ್ದು ಹೇಗೆ? ಅಜ್ಜ ಭಾಷಣ ಮಾಡಿದ್ದರಿಂದಲ್ಲ, ಕೇಳಿ ಬರೆದಿಟ್ಟದ್ದರಿಂದ. ನಾವು ಆ ಪುಸ್ತಕವನ್ನು ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೇವೆ. ದುಡಿ ಕೊಟ್ಟಿ ಹಾಡುವ ನಾಲ್ವರು ಮದುವೆಗೆ ಬಂದರೆ ಅವರ ಹಾಡು ಮುಗಿಯುವ ಮೊದಲೇ ವಾಲಗ ಆರಂಭಿಸಿಬಿಡುತ್ತೇವೆ. ಆ ಹಾಡಿನಲ್ಲಿ ಮನೆಯ ಹೆಸರು, ಮನೆಯವರ ಹೆಸರು ಬರುವ ಹೊತ್ತಿಗೆ ಕೇಳುವವರಿರುವುದಿಲ್ಲ. ಇದನ್ನು ಮಾಡಿದವರು ಹುಡುಗರೆ?

ನನ್ನ ಅನುಭವ ಬೇರೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನನ್ನ ಅಣ್ಣನ ಮಗಳಿಗೆ ಕಾರೋಣನ ಶೌರ್ಯವನ್ನು ಹೇಳಿದಾಗ ಆಕಳಿಸಿದಳು. ಕಾಫಿಗೆ ಬೆಲೆ ಕುಸಿದ ವರ್ಷ ನನ್ನ ಅಜ್ಜ ಬಾಣೆಯ ಮರವನ್ನು ಕದ್ದು ಮಾರಿ ಸಾಲ ತೀರಿಸಿದ್ದನ್ನೂ, ಅದು ತಮ್ಮನಿಗೆ ತಿಳಿದು ಇಬ್ಬರೂ ಹನ್ನೊಂದು ವರ್ಷ ಮಾತುಬಿಟ್ಟದ್ದನ್ನೂ, ಮಾತುಬಿಟ್ಟವರು ಪುತ್ತರಿಯ ದಿನ ಮಾತ್ರ ಒಂದೇ ಕುಡುಗೋಲಿನಿಂದ ಕದಿರು ತೆಗೆದದ್ದನ್ನೂ ಹೇಳಿದೆ. ರಾತ್ರಿ ಎರಡರವರೆಗೆ ಪ್ರಶ್ನೆ ಕೇಳಿದಳು. ಆ ಅಜ್ಜನ ಮೇಲೆ ಅವಳಿಗೆ ಗೌರವ ಕಡಮೆಯಾದ ಹಾಗೆ ನನಗೆ ಕಾಣಲಿಲ್ಲ. ಅವರ ಫೋಟೋ ಬೇಕೆಂದಳು.

ಅವಳೇ ಕೇಳಿದ್ದಕ್ಕೆ ಮೊನ್ನೆ ಒಂದು ನೋಟುಪುಸ್ತಕ ಹಿಡಿದು, ನಮ್ಮ ತೋಟದ ಲೈನ್‌ಮನೆಯಲ್ಲಿರುವ ಎರವರ ಮುದುಕಿಯ ಬಳಿ ಹೋಗಿ ಕುಳಿತೆ. ಯಾರ ಮಗಳು, ಅವಳ ತಾಯಿ ಯಾರು, ಎಲ್ಲಿಂದ ಬಂದರು ಎಂದು ಕೇಳುತ್ತ ಹೋದೆ. ನಾಲ್ಕು ತಲೆಮಾರಿನ ಹೆಸರುಗಳನ್ನು ತಡೆಯಿಲ್ಲದೆ ಹೇಳಿದಳು. ಕೆಲಸಕ್ಕೆ ಯಾವ ಯಾವ ಮನೆಗಳಲ್ಲಿದ್ದರೆಂಬುದನ್ನೂ ಹೇಳಿದಳು. ಆ ಸಾಲಿನಲ್ಲಿ ನನ್ನ ಗಂಡನ ಒಕ್ಕವೂ ಬಂತು. ಹೆರಿಗೆಯಲ್ಲಿ ತೀರಿಕೊಂಡ ಈ ಮನೆಯ ಮಗಳೊಬ್ಬಳ ಹೆಸರು ಹೇಳಿ, ಅವಳ ಕೂಸಿಗೆ ತನ್ನ ತಾಯಿಯೇ ಹಾಲೂಡಿಸಿದ್ದೆಂದಳು. ಪುಸ್ತಕ ತೆಗೆದು ನೋಡಿದೆ. ಆ ಮಗಳು ಅದರಲ್ಲಿಲ್ಲ. ಎರಡನೆಯ ಮುದ್ರಣದಲ್ಲಿ ಸೇರಿಸಬೇಕೆಂದು, ಹಾಲೂಡಿಸಿದವಳ ಹೆಸರಿನ ಸಮೇತ, ಪುಸ್ತಕ ಮಾಡಿದವರಿಗೆ ಕಾಗದ ಬರೆದಿದ್ದೇನೆ. ಎರಡು ತಿಂಗಳಾಯಿತು, ಪರಿಶೀಲಿಸುತ್ತಿದ್ದಾರಂತೆ.